ರೋಬಾಟ್ ಓಡುತ್ತದೆ, ಮಕ್ಕಳಿಗೆ ‘ಬಲ’ ಕಾಣುವುದಿಲ್ಲ: ಏನು ಮಾಡಬೇಕು?

ಓದುಗರ ಪ್ರಶ್ನೆ: ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ತಳ್ಳುವುದು, ಎಳೆಯುವುದು ಎಂದರೇನೆಂದು ತೋರಿಸಲು ಶಾಲೆಗೆ ಚಿಕ್ಕ ರೋಬಾಟ್ ತರಿಸಿದ್ದೇವೆ. ಮಕ್ಕಳು ಅದು ಓಡುವುದನ್ನು ನೋಡಿ ಕುಣಿಯುತ್ತಾರೆ, ಬಲದ ವಿಷಯ ಮಾತ್ರ ತಲೆಗೆ ಹೋಗುವುದಿಲ್ಲ. ಭಾರ ಕಟ್ಟಿದರೆ ಚಕ್ರ ಸುಮ್ಮನೆ ತಿರುಗುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಚಕ್ರ ಸುಮ್ಮನೆ ತಿರುಗುವುದು ತಪ್ಪಲ್ಲ. ನಿಮ್ಮ ಪಾಠ ಶುರುವಾಗುವುದೇ ಅಲ್ಲಿಂದ. ಖಾಲಿ ರೋಬಾಟಿನಲ್ಲಿ ಮಗುವಿಗೆ ಕಾಣುವುದು ಓಟ ಮಾತ್ರ. ಅದಕ್ಕೊಂದು ಕೆಲಸ ಕೊಟ್ಟು, ಆ ಕೆಲಸ ಅದರ ಕೈಲಾಗದ ಹಂತಕ್ಕೆ ಒಯ್ದಾಗ ಬಲದ ಮಾತು ಬರುತ್ತದೆ.

ಆದರೆ ಮೊದಲ ದಿನ ರೋಬಾಟ್ ಪೆಟ್ಟಿಗೆಯಲ್ಲೇ ಇರಲಿ. ತೋಟದಿಂದ ಸೋಗೆ ಸಮೇತ ಒಂದು ಅಡಿಕೆ ಹಾಳೆ ತರಿಸಿ. ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವ ಆಟವನ್ನು ಮಲೆನಾಡಿನ ಮಕ್ಕಳಿಗೆ ನಾವು ಕಲಿಸಬೇಕಾಗಿಲ್ಲ. ನಾವು ಕೇಳಬೇಕಾದ್ದು ಇಷ್ಟು: ಇಬ್ಬರು ಕೂತಾಗ ತೋಳಿಗೆ ಹೇಗನ್ನಿಸಿತು? ಹಿಂದಿನಿಂದ ಇನ್ನೊಬ್ಬರು ತಳ್ಳಿದರೆ? ಅಂಗಳದ ಮಣ್ಣಿನಲ್ಲಿ ಸುಲಭವೋ, ಜಗಲಿಯ ಕಾವಿ ನೆಲದ ಮೇಲೋ? ಬೇಲಿ ದಾರಿಯ ಉಣುಗೋಲು ಸರಿಸುವುದು, ಬಾವಿಯಿಂದ ನೀರು ಸೇದುವುದು, ಕೈಗಾಡಿ ದೂಡುವುದು, ಇವನ್ನೆಲ್ಲ ತಳ್ಳುವುದು–ಎಳೆಯುವುದು ಎಂದು ಮಕ್ಕಳೇ ಬೇರ್ಪಡಿಸಲಿ. ‘ದೂಡು’, ‘ನೂಕು’, ‘ಜಗ್ಗು’ ಎಂದು ಮನೆಮಾತು ಬಂದರೆ ತಿದ್ದಬೇಡಿ.

ಕನ್ನಡದಲ್ಲಿ ಕಲಿಸುವವರಿಗೆ ಇಲ್ಲೊಂದು ತೊಡಕಿದೆ. ‘ಬಲಕ್ಕೆ ತಿರುಗು’ ಎಂದ ಬಾಯಲ್ಲೇ ‘ಬಲ ಹಾಕು’ ಎಂದರೆ ಆರು ವರ್ಷದ ಮಗು ಬಲಗೈ ಎತ್ತುವುದು ಸಹಜ. ರೋಬಾಟಿನ ಆದೇಶಕ್ಕೆ ಯಾವಾಗಲೂ ‘ಬಲಗಡೆ’, ‘ಎಡಗಡೆ’ ಎನ್ನಿ. ‘ಬಲ’ ಎಂಬ ಪದವನ್ನು ತಳ್ಳಿ, ಎಳೆದು ಆದ ಮೇಲೆ ಕೊಡಿ.

ಎರಡನೇ ದಿನ ರೋಬಾಟ್. ಹಳದಿ ಗೇರ್ ಮೋಟಾರ್ ಇರುವ ಎರಡು ಚಕ್ರದ ಕಿಟ್ ಆದರೆ ನಿಮಿಷಕ್ಕೆ 60 ಸುತ್ತಿನ ಮೋಟಾರ್ ಆರಿಸಿ. 65 ಮಿ.ಮೀ. ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 20 ಸೆಂ.ಮೀ. ಹೋಗುತ್ತದೆ, ಅಂದರೆ ಸೆಕೆಂಡಿಗೂ ಅಷ್ಟೇ. ಚಿಕ್ಕವರ ಕಣ್ಣಿಗೆ ಈ ವೇಗ ಸಾಕು. 150 ಸುತ್ತಿನದು ನೋಡುವಷ್ಟರಲ್ಲಿ ಗೋಡೆಗೆ ಬಡಿದಿರುತ್ತದೆ. ಬಟನ್ ಒತ್ತಿ ನಡೆಸುವ ಬೀ-ಬಾಟ್ ಇದ್ದರೆ ಅದೂ ಆದೀತು. ಒಂದು ಆದೇಶಕ್ಕೆ 15 ಸೆಂ.ಮೀ. ಸಾಗುತ್ತದೆ.

ಊಟದ ಅಡಿಕೆ ಹಾಳೆ ತಟ್ಟೆಯನ್ನು 30 ಸೆಂ.ಮೀ. ನೂಲಿನ ದಾರದಿಂದ ರೋಬಾಟಿನ ಹಿಂಬದಿಗೆ ಕಟ್ಟಿ. ಆರು ಚಿಕ್ಕ ಬಾಟಲಿಗಳಿಗೆ 100 ಮಿ.ಲೀ. ನೀರು ಅಳೆದು ತುಂಬಿ, ಮುಚ್ಚಳ ಬಿಗಿಯಿರಿ. ಒಂದೊಂದೂ ಸುಮಾರು 100 ಗ್ರಾಂ. ಒಂದು ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ತಟ್ಟೆಯಲ್ಲಿ ಒಂದೊಂದೇ ಬಾಟಲಿ ಮಲಗಿಸುತ್ತಾ ಹೋಗಿ, ಪ್ರತಿ ಸಲವೂ ಓಡಿಸುವ ಮುಂಚೆ ‘ಹೋಗುತ್ತದಾ, ನಿಲ್ಲುತ್ತದಾ?’ ಎಂದು ಕೈ ಎತ್ತಿಸಿ. ನಮ್ಮ ಕೈ ಭಾರಕ್ಕೆ ತಕ್ಕಂತೆ ತಾನಾಗಿಯೇ ಹೆಚ್ಚು ಜಗ್ಗಿಬಿಡುತ್ತದೆ, ಮಗುವಿಗೆ ಗೊತ್ತೇ ಆಗುವುದಿಲ್ಲ. ರೋಬಾಟಿನ ಎಳೆತಕ್ಕೆ ಒಂದು ಮಿತಿ ಇದೆ, ಅದೇ ನೆಲದ ಮೇಲೆ ಆ ಮಿತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರೋಬಾಟ್ ಬೇಕಾಗಿರುವುದು ಇದಕ್ಕಾಗಿಯೇ.

ಇನ್ನು ಚಕ್ರ ಜಾರುವ ವಿಷಯ. ಇಂಥ ಹಗುರ ರೋಬಾಟಿನಲ್ಲಿ ಸಾಮಾನ್ಯವಾಗಿ ಮೋಟಾರ್ ಸೋಲುವ ಮುಂಚೆ ಚಕ್ರದ ಹಿಡಿತ ಸೋಲುತ್ತದೆ. ನುಣುಪು ಕಾವಿ ನೆಲದಲ್ಲಂತೂ ಬೇಗ. ಆಗ ಪಾಠ ನಿಲ್ಲಿಸಬೇಡಿ. ‘ರೋಬಾಟಿನ ಬೆನ್ನ ಮೇಲೆ ಒಂದು ಬಾಟಲಿ ಇಟ್ಟರೆ ಜಾಸ್ತಿ ಎಳೆಯುತ್ತದಾ, ಕಮ್ಮಿಯಾ?’ ಎಂದು ಕೇಳಿ. ಹೊರೆ ಹೆಚ್ಚಾದರೆ ಸುಸ್ತಾಗುತ್ತದೆಂದು ಬಹಳಷ್ಟು ಮಕ್ಕಳು ಹೇಳುತ್ತಾರೆ. ಮೋಟಾರಿನ ಚಕ್ರಗಳ ನೇರ ಮೇಲೆ ಇಟ್ಟು ನೋಡಿ: ಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ, ನಿಂತಿದ್ದ ತಟ್ಟೆ ಹೊರಡುತ್ತದೆ. ಮೋಟಾರಿಲ್ಲದ ಪುಟ್ಟ ಉರುಳುಚಕ್ರದ (ಕ್ಯಾಸ್ಟರ್) ಮೇಲೆ ಇಟ್ಟರೆ ಈ ಲಾಭವಿಲ್ಲ. ಚಕ್ರಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಯೂ ಹೋಲಿಸಿ. ಗದ್ದೆಗೆ ಇಳಿಸುವಾಗ ಟಿಲ್ಲರ್‌ಗೆ ಕಬ್ಬಿಣದ ಚಕ್ರ ಏಕೆ ಹಾಕುತ್ತಾರೆಂದು ಆಗ ಕೇಳಿದರೆ ಉತ್ತರ ಮಕ್ಕಳಿಂದಲೇ ಬರುತ್ತದೆ.

ರೋಬಾಟ್ ಒಂದು ಪಕ್ಕಕ್ಕೆ ವಾಲಿ ಹೋದರೆ ದಾರ ನಡುಮಧ್ಯದಲ್ಲಿ ಇಲ್ಲದಿರಬಹುದು, ನೋಡಿ. ಮೂತಿ ಎತ್ತಿದರೆ ದಾರದ ಗಂಟು ಮೇಲಾಗಿದೆ, ಚಕ್ರದ ಅಚ್ಚಿನ ಮಟ್ಟಕ್ಕೆ ಇಳಿಸಿ. ರೋಬಾಟಿನಿಂದ ತಳ್ಳಿಸುವಾಗ ದುಂಡು ತಟ್ಟೆ ಪಕ್ಕಕ್ಕೆ ನುಣುಚಿಕೊಳ್ಳುತ್ತದೆ. ದಪ್ಪ ರಟ್ಟಿನಿಂದ ಎರಡು ತೋಳು ಚಾಚಿದಂಥ ಅಗಲ ಮೂತಿ ಮಾಡಿ ರೋಬಾಟಿನ ಮುಂದೆ ಅಂಟಿಸಿ.

ಕೊನೆಗೆ ರೋಬಾಟನ್ನು ಹಿಂದಕ್ಕೆ ಓಡಿಸಿ, ‘ಈ ದಾರದಿಂದಲೇ ತಟ್ಟೆಯನ್ನು ತಳ್ಳಬಹುದಾ?’ ಎಂದು ಕೇಳಿ. ದಾರ ಸಡಿಲಾಗಿ ಸುರುಳಿ ಬೀಳುತ್ತದೆ. ಅದರ ಬದಲು ಬಿದಿರಿನ ಕಡ್ಡಿ ಕಟ್ಟಿದರೆ ತಳ್ಳುವುದೂ ಆಗುತ್ತದೆ, ಎಳೆಯುವುದೂ ಆಗುತ್ತದೆ. ಇದನ್ನು ತನ್ನ ಮಾತಲ್ಲಿ ಹೇಳಿದ ಮಗುವಿಗೆ ವಿಷಯ ತಿಳಿದಿದೆ.

ಮಳೆಗಾಲದಲ್ಲಿ ಬಾಟಲಿಗಳ ಎಣಿಕೆ ಏರುಪೇರಾಗುತ್ತದೆ: ನೆಲ ಬೆವರುತ್ತದೆ, ತಟ್ಟೆ ತೇವ ಹೀರಿ ಮೆತ್ತಗಾಗುತ್ತದೆ. ತಟ್ಟೆಯನ್ನು ಒಲೆಯ ಹತ್ತಿರ ಒಣಗಿಸಿ, ನೆಲ ಒರೆಸಿ ಶುರುಮಾಡಿ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಬೆರೆಸಬೇಡಿ. ಪಾಠ ಮುಗಿದ ಕೂಡಲೇ ಸೆಲ್ ಬಿಚ್ಚಿಡಿ. ಆ ಥಂಡಿಗೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.