ಟೀ ನೀರು ಹಾಯಿಸಿ ಅನ್ನುವವರಿಗೆ

ಕಳೆದ ವಾರವೂ ಒಬ್ಬ ಮೇಡಂ ಕೇಳಿದರು: "ಸಾರ್, ಕೊನೇಲಿ ಚಿತ್ರದ ಮೇಲೆ ಸ್ವಲ್ಪ ಟೀ ನೀರು ಹಾಯಿಸಿ ಕೊಡ್ತೀರಲ್ವಾ? ಹಳೇ ಕಾಲದ್ದು ಅನ್ನಿಸ್ಬೇಕು."

ಹದಿನೆಂಟನೇ ಶತಮಾನದ ಸಮುದ್ರಯಾನಗಳ ಹಕ್ಕಿ ಚಿತ್ರಗಳನ್ನು ಕೈಯಲ್ಲೇ ನಕಲು ಬರೆದುಕೊಡುವುದು ನನ್ನ ಕಸುಬು. ಕಾಗದ, ಅಳತೆ, ಚೌಕಟ್ಟು ಇವೆಲ್ಲ ಗಿರಾಕಿಗಳಿಗೆ ಬೇಗ ತಿಳಿಯುತ್ತದೆ. ಒಂದು ಮಾತು ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ನೀವು ಮೊಬೈಲಿನಲ್ಲಿ ತೋರಿಸುವುದು ಹಕ್ಕಿಯ ಬಣ್ಣವೂ ಅಲ್ಲ, ಚಿತ್ರಕಾರ ಬಳಿದ ಬಣ್ಣವೂ ಅಲ್ಲ. ಇನ್ನೂರು ಚಿಲ್ಲರೆ ವರ್ಷ ಬೆಳಕು ತಿಂದು ಮಿಕ್ಕಿದ್ದು.

ಈ ಮೇಡಂ ತಂದದ್ದು ಆಸ್ಟ್ರೇಲಿಯಾದ ಕಿಂಗ್ ಪ್ಯಾರಟ್ ಗಿಳಿಯ ಚಿತ್ರ. ಬ್ರಿಟನ್ನಿನ ಮೊದಲ ಹಡಗುಪಡೆಯ ಜೊತೆ 1788ರಲ್ಲಿ ಸಿಡ್ನಿ ತೀರಕ್ಕೆ ಇಳಿದ ವೈದ್ಯ ಜಾನ್ ವೈಟ್, ಅಲ್ಲಿಯ ಹಕ್ಕಿಗಳ ಚರ್ಮಗಳನ್ನು ಲಂಡನ್ನಿಗೆ ಕಳಿಸಿದ. ಅಲ್ಲಿಯ ಚಿತ್ರಕಾರ್ತಿ ಸಾರಾ ಸ್ಟೋನ್ ಮೊದಲಾದವರು ಅವನ್ನು ನೋಡಿ ಬರೆದರು. 1790ರಲ್ಲಿ 65 ಫಲಕಗಳ ಪುಸ್ತಕವಾಯಿತು. ಕೆಲವು ಪ್ರತಿಗಳಿಗೆ ಮಾತ್ರ ಕೈಯಿಂದ ಬಣ್ಣ ಹಾಕಿದರು. ಸಾರಾ ಸ್ಟೋನ್ ಆಸ್ಟ್ರೇಲಿಯಾ ಕಂಡವಳೇ ಅಲ್ಲ. ಹಕ್ಕಿ ಸತ್ತ ಮೇಲೆ ಕಣ್ಣು, ಕಾಲಿನ ಬಣ್ಣ ಮೊದಲು ಹೋಗುತ್ತದೆ. ಆಮೇಲೆ ಬಣ್ಣ ಹಾಕಿದವರ ಕೈ, ಆಮೇಲೆ ಯಾರದೋ ಮನೆಯ ಗೋಡೆಯ ಬಿಸಿಲು. ಮೇಡಂ ಮೊಬೈಲಿನಲ್ಲಿ ಗಿಳಿಯ ರೆಕ್ಕೆ ನೀಲಿಗಟ್ಟಿತ್ತು. ನಾನು ಹಸಿರು ಹಾಕಿದೆ. "ನೀಲಿ ಇತ್ತಲ್ಲ ಸಾರ್?"

ಆ ಕಾಲದ ಜಲವರ್ಣದಲ್ಲಿ ಎಲೆಹಸಿರು ಬೇಕೆಂದರೆ ಸಾಮಾನ್ಯವಾಗಿ ಪ್ರಷ್ಯನ್ ನೀಲಿಗೆ ಗ್ಯಾಂಬೋಜ್ ಹಳದಿ ಬೆರೆಸುತ್ತಿದ್ದರು. ಗ್ಯಾಂಬೋಜ್ ಅಂದರೆ ಮರದ ಅಂಟು. ನಮ್ಮ ಮುರುಗಲು, ಉಪ್ಪಾಗೆಯ ಬಳಗದ ಮರ. ಮೈಸೂರು ಚಿತ್ರಗಳಲ್ಲಿ ಚಿನ್ನದ ಹಾಳೆ ಕೂರಿಸುವ ಗೆಸ್ಸೋ ಅನ್ನುವ ಉಬ್ಬು ಲೇಪದ ಕೆಲಸಕ್ಕೆ ಸಫೇದ ಬಿಳಿಪುಡಿಯ ಜೊತೆ ಕಲಸುತ್ತಿದ್ದ ಹಳದಿಯೂ ಅದೇ. (ಜೋರು ಭೇದಿ ಮಾಡಿಸುವ ವಸ್ತು. ಕುಂಚದ ತುದಿಯನ್ನು ನಾಲಿಗೆಗೆ ಒತ್ತುವ ಚಟ ನನಗೆ ಬಿಟ್ಟುಹೋದದ್ದು ಅದರಿಂದಲೇ.) ಬೆಳಕಿಗೆ ಈ ಹಳದಿ ನಿಲ್ಲುವುದಿಲ್ಲ. ಹಳದಿ ಹೋಯಿತು, ನೀಲಿ ಉಳಿಯಿತು, ಗಿಳಿ ನೀಲಿಯಾಯಿತು. ಕೊಚಿನೀಲ್ ಹುಳುವಿನಿಂದ ತೆಗೆದ ಕಾರ್ಮೈನ್ ಕೆಂಪೂ ಹಾಗೇ ತೆಳುವಾಗುತ್ತದೆ. ಸೀಸದ ಬಿಳಿ ಕೆಟ್ಟ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ. ಬಿಳಿ ಎದೆಯ ಮೇಲೆ ಮಸಿ ಚುಕ್ಕೆ ಕಂಡು, ಇದು ಹಕ್ಕಿಯ ಗುರುತೆಂದು ವಾದ ಮಾಡಿದವರಿದ್ದಾರೆ.

ಮಾತಿಗೆ ಬಗ್ಗದವರಿಗೆ ನನ್ನಲ್ಲಿರುವ ಒಂದು ಹಾಳೆ ತೋರಿಸುತ್ತೇನೆ. ಯಾವುದೋ ಹಳೇ ಪುಸ್ತಕದಿಂದ ಬಿಚ್ಚಿದ ಗಿಳಿ. ಮೈಯೆಲ್ಲ ಬೂದಿ ನೀಲಿ. ಸುತ್ತ ಕೂರಿಸಿದ ರಟ್ಟಿನ ಮೌಂಟ್ ಎತ್ತಿದರೆ ಅದರ ಅಂಚಿನಡಿ ಮುಚ್ಚಿಕೊಂಡಿದ್ದ ಬಾಲದ ತುದಿ, ಹೆಚ್ಚೆಂದರೆ ಕಿರುಬೆರಳ ಉಗುರಿನಷ್ಟು, ಎಳೆ ಭತ್ತದ ಹಸಿರು. ಒಂದೇ ಗರಿ, ಒಂದೇ ಕೈ, ಒಂದೇ ದಿನ ಹಾಕಿದ ಬಣ್ಣ. ಮೇಡಂ ಅದನ್ನು ಎರಡು ಸಲ ಎತ್ತಿ ಇಳಿಸಿ ನೋಡಿದರು.

ಹಾಗಂತ ಎಲ್ಲ ಹಳೇ ಚಿತ್ರವನ್ನೂ ಗಾಢ ಮಾಡಿಬಿಡಬೇಕು ಅಂತಲ್ಲ. ಸಂಪುಟದೊಳಗೆ ಕತ್ತಲಲ್ಲಿ ಉಳಿದವು ಗೋಡೆಗೆ ತೂಗಿದವುಗಳಷ್ಟು ಕೆಟ್ಟಿರುವುದಿಲ್ಲ. ಇಂಥ ಕಾಗದವನ್ನು ಪ್ರದರ್ಶನಕ್ಕಿಟ್ಟರೂ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕು ದಾಟಿಸುವುದಿಲ್ಲ. ಕಿಂಗ್ ಪ್ಯಾರಟ್ ಇವತ್ತಿಗೂ ಹಾರಾಡಿಕೊಂಡಿದೆ, ಅದರ ಹಸಿರು ತಾಳೆ ನೋಡಬಹುದು. ಆದರೆ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್‌ನ ಎರಡನೇ ಯಾನದಲ್ಲಿ ಹತ್ತೊಂಬತ್ತರ ಹುಡುಗ ಗಿಯೋರ್ಗ್ ಫಾರ್ಸ್ಟರ್ 1774ರ ಜೂನ್ 1ರಂದು ಪೆಸಿಫಿಕ್ ಸಾಗರದ ರೈಯಾಟಿಯಾ ದ್ವೀಪದಲ್ಲಿ ಬರೆದ ಕಂದು ಹಕ್ಕಿ? ಆಮೇಲೆ ಅದನ್ನು ಯಾರೂ ಕಂಡಿಲ್ಲ. ಚರ್ಮವೂ ಕಳೆದುಹೋಗಿದೆ. ಆ ಕಾಲದ ಬರಹದ ವಿವರಣೆ ಬಿಟ್ಟರೆ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಆ ಒಂದು ಹಾಳೆಯೇ ಅದರ ರೂಪಕ್ಕೆ ಸಾಕ್ಷಿ. ಅಂಥ ಕಡೆ ನಾನು ಒಂದು ಗರಿಗೂ ಬಣ್ಣ ಏರಿಸುವುದಿಲ್ಲ. ಇದ್ದದ್ದು ಇದ್ದ ಹಾಗೆ.

ಟೀ ನೀರಿಗೆ ನಾನು ಒಲ್ಲೆ ಅನ್ನುವುದಕ್ಕೆ ಇನ್ನೊಂದು ಕಾರಣ ಸ್ವಲ್ಪ ಭಾವುಕತೆ ಅನ್ನಿಸಬಹುದು. ಕುಕ್‌ನ ಮೊದಲ ಯಾನದಲ್ಲಿ ಸಿಡ್ನಿ ಪಾರ್ಕಿನ್ಸನ್ ಅಂತ ಸ್ಕಾಟ್ಲೆಂಡಿನ ಯುವ ಚಿತ್ರಕಾರನಿದ್ದ. 1769ರಲ್ಲಿ ತಹಿತಿಯಲ್ಲಿ ಕೂತಾಗ, ಹಚ್ಚಿದ ಬಣ್ಣವನ್ನು ಹಚ್ಚಿದ ಹಾಗೆಯೇ ನೊಣಗಳು ತಿಂದುಹಾಕುತ್ತಿದ್ದವು ಎಂದು ಅವನ ಧಣಿ ಜೋಸೆಫ್ ಬ್ಯಾಂಕ್ಸ್ ದಿನಚರಿಯಲ್ಲಿ ಬರೆದಿದ್ದಾನೆ. ಜೊತೆಗಿದ್ದ ಇನ್ನೊಬ್ಬ ಚಿತ್ರಕಾರ ಅಲ್ಲೇ ತೀರಿಕೊಂಡ. ಇಬ್ಬರ ಕೆಲಸ ಇವನ ತಲೆಗೆ ಬಿತ್ತು. 1771ರ ಜನವರಿಯಲ್ಲಿ, ಊರಿಗೆ ಮರಳುವ ದಾರಿಯಲ್ಲಿ ರಕ್ತಭೇದಿಯಾಗಿ ಇವನೂ ಹಡಗಿನಲ್ಲೇ ಸತ್ತ. ನೊಣ ಓಡಿಸುತ್ತಾ ಹಸಿಹಸಿ ಹಚ್ಚಿದ ಆ ಬಣ್ಣದ ಮೇಲೆ ನಾನು ಟೀ ಸುರಿಯಲೇ?

ಮೇಡಂ ಕೊನೆಗೆ ಹಸಿರಿಗೆ ಒಪ್ಪಿದರು. ಆದರೆ ಹಳೇ ಬಣ್ಣದಲ್ಲೇ ಆಗಬೇಕು ಅಂದರು. ಬೆಳಕಿಗೆ ನಿಲ್ಲುವ ಈಗಿನ ಬಣ್ಣಗಳಿವೆ ಅಂದೆ, ಕೇಳಲಿಲ್ಲ. ಗ್ಯಾಂಬೋಜ್ ಅರೆದೆ, ಕಾರ್ಮೈನ್ ತರಿಸಿದೆ, ಬಿಸಿಲು ತಾಕದ ಗೋಡೆಗೆ ಹಾಕಿ ಅಂತ ಬಿಲ್ಲಿನ ಹಿಂದೆ ಬರೆದೂ ಕೊಟ್ಟೆ. ನಾಲ್ಕು ದಿನಕ್ಕೆ ವಾಟ್ಸಾಪಿನಲ್ಲಿ ಫೋಟೋ ಬಂತು. ಚಿತ್ರ ತೂಗಿದ್ದು ಪಶ್ಚಿಮದ ಕಿಟಕಿಗೆ ಸರಿಯಾಗಿ ಎದುರಿಗೆ, ಗಿಳಿಯ ಬೆನ್ನ ಮೇಲೆ ಸಂಜೆ ಬಿಸಿಲಿನ ಪಟ್ಟೆ. ತಕ್ಷಣ ಫೋನ್ ಮಾಡಿದೆ.

"ಇರ್ಲಿ ಬಿಡಿ ಸಾರ್," ಅಂದರು. "ಟೀ ನೀರಿನ ಖರ್ಚು ಉಳೀತು."