ಹದಿನೈದು ದಿನ ಬಿಟ್ಟು ಬೀಳುವ ಗೋಡೆ

ನೆರೆ ನೀರಲ್ಲಿ ನೆನೆದ ಮಣ್ಣಿನ ಗೋಡೆ ಆಗಲೇ ಬೀಳಬೇಕೆಂದೇನಿಲ್ಲ. ನೀರಿಳಿದು, ಬಿಸಿಲು ಬಿದ್ದು, ಬುಡ ಒಣಗಿ ಬಿರುಕು ಬಿಟ್ಟ ಮೇಲೆ ಒಂದು ರಾತ್ರಿ ಧೊಪ್ಪನೆ ಕುಸಿಯುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ ಉಕ್ಕಿದಾಗ ಮನೆ ಹಾನಿ ಸಮೀಕ್ಷೆಗೆ ಹೋದ ನಮ್ಮಂಥ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಫಾರಂನಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ, ಅಷ್ಟೆ.

ಪೂರ್ತಿ ಬಿದ್ದ ಮನೆಗೆ ಆಗ ಕೇಂದ್ರದ ನಿಯಮದಂತೆ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ಸರ್ಕಾರ ತನ್ನ ದುಡ್ಡು ಸೇರಿಸಿ ಅದನ್ನು 5 ಲಕ್ಷ ಮಾಡಿತು. ಶೇ 75ಕ್ಕಿಂತ ಜಾಸ್ತಿ ಹಾನಿಯಾದರೆ ‘ಎ’ ವರ್ಗ, ಆ 5 ಲಕ್ಷ. ಶೇ 25ರೊಳಗಿದ್ದರೆ ‘ಸಿ’, 50 ಸಾವಿರ. ಒಳ್ಳೆಯ ಸುಧಾರಣೆಯೇ, ಅನುಮಾನವಿಲ್ಲ. ಆದರೆ ‘ಎ’ಗೂ ‘ಸಿ’ಗೂ ನಡುವಿನ ನಾಲ್ಕೂವರೆ ಲಕ್ಷ, ನಾವು ಯಾವ ದಿನ ಹೋದೆವು ಅನ್ನುವುದರ ಮೇಲೆ ನಿಂತಿತ್ತು. ಮೂರನೇ ದಿನ ಹೋದರೆ ಗೋಡೆ ನಿಂತಿರುತ್ತದೆ, ಜಿಪಿಎಸ್ ಫೋಟೊದಲ್ಲೂ ನಿಂತಿರುತ್ತದೆ. ಇಪ್ಪತ್ತನೇ ದಿನ ಬಿದ್ದರೆ? ಮನೆಯವರೇ ಕೆಡವಿದರೇನೋ ಅನ್ನುವ ಅನುಮಾನ. ನಿಜವಾಗಿ ಕೆಡವಿದವರೂ ಇದ್ದರು ಬಿಡಿ.

ಒಂದೂರಿನಲ್ಲಿ ಉತಾರ, ಅಂದರೆ ಮನೆಯ ಒಡೆತನದ ದಾಖಲೆ, ಅಜ್ಜನ ಹೆಸರಲ್ಲೇ ಇತ್ತು. ಅಜ್ಜ ತೀರಿಹೋಗಿ ಎಷ್ಟೋ ವರ್ಷ. ಮೂವರು ಅಣ್ಣತಮ್ಮಂದಿರು ಅಡ್ಡಗೋಡೆ ಹಾಕಿಕೊಂಡು ಬೇರೆ ಬೇರೆ ಸಂಸಾರ ಮಾಡುತ್ತಿದ್ದರು. ನಾನು ಒಂದು ಮನೆ ಎಂದು ಬರೆದುಕೊಂಡೆ. ಹಿರಿಸೊಸೆ ಕೆಸರಲ್ಲೇ ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. “ಸಾಹೇಬ್ರ, ಒಲಿ ಮೂರು ಅದಾವ್ರಿ. ಮನಿ ಒಂದ ಅಂತ ಹೆಂಗ ಬರದ್ರಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಬರೆದದ್ದನ್ನು ತಿದ್ದಲೂ ಇಲ್ಲ.

ಆಮೇಲೆ 15ನೇ ಹಣಕಾಸು ಆಯೋಗ 2021–26ರ ಅವಧಿಗೆ, ವಿಪತ್ತು ನಿಧಿಯ ಪ್ರತಿ 100 ರೂಪಾಯಿಯಲ್ಲಿ 30 ರೂಪಾಯಿಯನ್ನು ಪುನರ್ನಿರ್ಮಾಣಕ್ಕೆಂದೇ ಎತ್ತಿಡಲು ಹೇಳಿತು. ದುಡ್ಡಿನ ದಾರಿ ಸ್ವಲ್ಪ ಸರಿಹೋಯಿತು. ಉಳಿದದ್ದು ಕೆಳಗಿನ ಕೆಲಸ. ಸಮೀಕ್ಷೆ ಎರಡು ಸಲ ಆಗಬೇಕು, ನೀರಿಳಿದ ಕೂಡಲೇ ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ. ನದಿ ದಂಡೆಯ ಊರುಗಳಲ್ಲಿ ವಾರಸಾ ಕೆಲಸವನ್ನು, ಅಂದರೆ ತೀರಿಹೋದವರ ಉತಾರ ವಾರಸುದಾರರ ಹೆಸರಿಗೆ ಮಾಡುವುದನ್ನು, ಬೇಸಿಗೆಯಲ್ಲೇ ಮುಗಿಸಬೇಕು. ಕೊರಳಮಟ್ಟ ನೀರು ಬಂದ ಮೇಲೆ ಮರಣ ಪತ್ರ ಎಲ್ಲಿಂದ ತರುತ್ತಾರೆ?

ಈಗ ಸಮೀಕ್ಷೆಗೆ ಹೋದರೆ ಗೋಡೆಯ ಬುಡಕ್ಕೆ ಬೈಕಿನ ಕೀ ಒತ್ತಿ ನೋಡುತ್ತೇನೆ. ಸಲೀಸಾಗಿ ಒಳಗೆ ಹೋದರೆ ಷರಾದಲ್ಲಿ ಬರೆಯುತ್ತೇನೆ: ‘ಮತ್ತೊಮ್ಮೆ ನೋಡತಕ್ಕದ್ದು.’