ಬೋನಸ್ ಹತ್ತು ಸಾವಿರ, ವಹಿವಾಟು ಮೂರೂವರೆ ಲಕ್ಷ

"ನಾವು ಹತ್ತು ಸಾವಿರ ಹಾಕಿದ್ರ ಅವರೂ ಹತ್ತು ಸಾವಿರ ಪುಕ್ಕಟ ಕೊಡ್ತಾರ್ರಿ ಸರ. ತಗೊಳ್ಳಲಿಲ್ಲಂದ್ರ ನಮಗೇ ಲುಕ್ಸಾನ ಅಲ್ಲೇನ್ರಿ?"

ಕಲಬುರಗಿಯಲ್ಲಿ ತೆರಿಗೆ ಲೆಕ್ಕ ಬರೆಯುವವರ ಮೇಜಿನ ಮುಂದೆ ಆನ್‌ಲೈನ್ ಕ್ಯಾಸಿನೊದ ಮಾತು ವರ್ಷಕ್ಕೆ ಎರಡು ಸಲ ಬರುತ್ತದೆ. ತೊಗರಿ ಮಾರಿದ ದುಡ್ಡು ಖಾತೆಗೆ ಬೀಳುವ ಜನವರಿ–ಫೆಬ್ರವರಿಯಲ್ಲಿ ಒಮ್ಮೆ, ರಿಟರ್ನ್ ತುಂಬುವ ಜುಲೈನಲ್ಲಿ ಇನ್ನೊಮ್ಮೆ. ಮೊದಲ ಸಲ ಬಂದಾಗ ಅದು ಪ್ರಶ್ನೆ. ಜುಲೈಗೆ ಅದು ಬ್ಯಾಂಕ್ ಸ್ಟೇಟ್‌ಮೆಂಟ್ ಆಗಿರುತ್ತದೆ. ಜೂಜು ಪಾಪವೋ ಅಲ್ಲವೋ ಎಂದು ಹೇಳಲು ಶರಣರ ನಾಡಿನಲ್ಲಿ ಹಿರಿಯರು ಬೇಕಾದಷ್ಟಿದ್ದಾರೆ. ಇಲ್ಲಿ ಬರೀ ಲೆಕ್ಕ.

ಎಲ್ಲರೂ ಎಡವುವುದು ಒಂದೇ ಸಾಲಿನಲ್ಲಿ: "ವೇಜರಿಂಗ್ 35 ಎಕ್ಸ್". ಇದನ್ನು ಕೆಲವರು 35 ದಿನದ ಗಡುವು ಎಂದು ಓದುತ್ತಾರೆ. ಕೆಲವರು 35 ಆಟ ಆಡಿದರೆ ಸಾಕು ಎಂದುಕೊಳ್ಳುತ್ತಾರೆ. 35 ಪಟ್ಟು ಗೆಲ್ಲಬಹುದು ಎಂದು ಓದಿಕೊಂಡ ಡಿಗ್ರಿ ಮುಗಿಸಿದ ಹುಡುಗರೂ ಇದ್ದಾರೆ. ಮೂರೂ ಅಲ್ಲ. ಬೋನಸ್ಸಿನ 35 ಪಟ್ಟು ಮೊತ್ತವನ್ನು ಪಣಕ್ಕಿಟ್ಟು ಮುಗಿಸುವವರೆಗೆ ಅದರಿಂದ ಬಂದ ದುಡ್ಡನ್ನು ಹೊರಗೆ ತೆಗೆಯಲು ಬಿಡುವುದಿಲ್ಲ ಎಂದು ಅರ್ಥ. ಹತ್ತು ಸಾವಿರದ ಬೋನಸ್ಸಿಗೆ ಮೂರೂವರೆ ಲಕ್ಷದ ಪಣ. ಒಂದು ಸುತ್ತಿಗೆ 50 ರೂಪಾಯಿಯಂತೆ ಸ್ಲಾಟ್ (ಗುಂಡಿ ಒತ್ತಿ ಚಿತ್ರಗಳನ್ನು ತಿರುಗಿಸುವ ಆಟ) ತಿರುಗಿಸಿದರೆ 7,000 ಸುತ್ತು. ನಿಮಿಷಕ್ಕೆ ಹತ್ತು ಸುತ್ತು ಹಿಡಿದರೂ ಹನ್ನೊಂದೂವರೆ ತಾಸು ದಾಟುತ್ತದೆ. ಇದಕ್ಕೆ ಕೊಡುವ ಗಡುವು ಎಷ್ಟೋ ಕಡೆ ಏಳೇ ದಿನ.

"ಅಷ್ಟು ದುಡ್ಡು ನನ್ನ ಕಡಿ ಇಲ್ಲಲ್ರಿ" ಎನ್ನುತ್ತಾರೆ. ಇರಬೇಕಿಲ್ಲ. ಇದು ಬಂಡವಾಳವಲ್ಲ, ವಹಿವಾಟು. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ (ದಲ್ಲಾಳಿ ವ್ಯಾಪಾರ) ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ತೊಗರಿ ತೂಗುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮದು 100 ಕೆಜಿ, ಅವರು ಸಾಲ ಕೊಟ್ಟದ್ದು 100 ಕೆಜಿ, ಒಟ್ಟು 200. ಷರತ್ತು ಇಷ್ಟೇ: ಈ ಕಾಳನ್ನೇ ಮತ್ತೆ ಮತ್ತೆ ತಕ್ಕಡಿಗೆ ಹಾಕಿ ಒಟ್ಟು 3,500 ಕೆಜಿ ತೂಗಿ ಮುಗಿಸಬೇಕು. ಪ್ರತಿ 100 ಕೆಜಿ ತೂಗಿದಾಗಲೂ 4 ಕೆಜಿ ತಕ್ಕಡಿಯವನ ಚೀಲಕ್ಕೆ. 3,500 ತೂಗುವಷ್ಟರಲ್ಲಿ ಅವನ ಚೀಲಕ್ಕೆ 140 ಕೆಜಿ ಹೋಗಿರುತ್ತದೆ. 200ರಲ್ಲಿ ಉಳಿದದ್ದು 60. ನೀವು ತಂದದ್ದು 100 ಎಂಬುದು ಮರೆಯಬಾರದು.

ಆ 4 ಕೆಜಿ ಎಲ್ಲಿಂದ ಬಂತು? ಸ್ಲಾಟ್ ಆಟದ ಸಹಾಯ ಪುಟದಲ್ಲಿ ಆರ್‌ಟಿಪಿ 96 ಎಂದಿರುತ್ತದೆ. ಪಣಕ್ಕಿಟ್ಟ ನೂರರಲ್ಲಿ ಬಹಳ ಸುತ್ತುಗಳ ಸರಾಸರಿಯಲ್ಲಿ 96 ಮರಳುತ್ತದೆ, 4 ಕ್ಯಾಸಿನೊಗೆ. ಮೂರೂವರೆ ಲಕ್ಷಕ್ಕೆ ಶೇ 4 ಅಂದರೆ 14,000. ಹತ್ತು ಸಾವಿರದ ಬೋನಸ್ ಬಿಡಿಸಿಕೊಳ್ಳುವ ಖರ್ಚು ಹದಿನಾಲ್ಕು ಸಾವಿರ! ಇದು ಸರಾಸರಿ, ನೆನಪಿರಲಿ. ಒಬ್ಬ ನಲವತ್ತು ಸಾವಿರ ಮಾಡಿಕೊಂಡು ಹೊರಬರುತ್ತಾನೆ, ಬಹಳ ಮಂದಿಯದು ಅರ್ಧ ದಾರಿಯಲ್ಲೇ ಸೊನ್ನೆ. ಊರಲ್ಲಿ ಸುದ್ದಿಯಾಗುವುದು ಆ ನಲವತ್ತು ಸಾವಿರದವನು ಮಾತ್ರ.

ಹಾಗಾಗಿ ಒಂದು ಭಾಗಾಕಾರ ಕಲಿತರೆ ಸಾಕು. ನೂರನ್ನು ಕ್ಯಾಸಿನೊ ಪಾಲಿನಿಂದ ಭಾಗಿಸಿ. ಪಾಲು ಶೇ 4 ಇದ್ದರೆ 25. ಷರತ್ತು 25 ಪಟ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಬೋನಸ್ಸಿಗೆ ಕಾಗದದ ಮೇಲಾದರೂ ಬೆಲೆಯಿದೆ. ಆರ್‌ಟಿಪಿ 94 ಆದರೆ ಈ ಗಡಿ 16ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಹೆಸರಿನ, ಒಂದೇ ಬಣ್ಣದ ಸ್ಲಾಟನ್ನು ತಯಾರಕರು ಬೇರೆ ಬೇರೆ ಆರ್‌ಟಿಪಿಯಲ್ಲಿ ಮಾರುತ್ತಾರೆ. ಗೆಳೆಯನ ಮೊಬೈಲಿನಲ್ಲಿ 96 ಕಂಡಿತೆಂದು ನಿಮ್ಮ ಸೈಟಿನಲ್ಲೂ ಅದೇ ಇರಬೇಕೆಂದಿಲ್ಲ.

ಕೆಲವು ಕಡೆ 35 ಪಟ್ಟು ಬೋನಸ್ಸಿಗಷ್ಟೇ ಅಲ್ಲ, "ಠೇವಣಿ ಮತ್ತು ಬೋನಸ್" ಎರಡಕ್ಕೂ. ಆಗ ಪಣ ಏಳು ಲಕ್ಷ, ಸರಾಸರಿ ನಷ್ಟ 28,000, ಕೈಯಲ್ಲಿರುವುದು 20,000. ಲೆಕ್ಕ ಅಲ್ಲಿಗೇ ಮುಗಿಯಿತು.

ಜಾಣರು ರೂಲೆಟ್ ಕಡೆ, ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆಂದು ಪಣ ಕಟ್ಟುವ ಆಟದ ಕಡೆ, ಹೊರಳುತ್ತಾರೆ. 37 ಮನೆಯ ರೂಲೆಟ್‌ನಲ್ಲಿ ಕ್ಯಾಸಿನೊ ಪಾಲು ಶೇ 2.7 ಮಾತ್ರ, ಸ್ಲಾಟ್‌ಗಿಂತ ಕಡಿಮೆಯೇ. ಆದರೆ ಅಂಥ ಆಟದ ಪಣವನ್ನು ಸಾಮಾನ್ಯವಾಗಿ ಶೇ 10ರಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ನೂರು ಇಟ್ಟರೆ ಹತ್ತು ಇಟ್ಟಂತೆ. ಮೂರೂವರೆ ಲಕ್ಷ ಹೋಗಿ ಮೂವತ್ತೈದು ಲಕ್ಷವಾಯಿತು, ಶೇ 2.7ರಂತೆ 94,500 ರೂಪಾಯಿ. ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟ್ ಆಟವನ್ನು ಸರಿಯಾಗಿ ಆಡಿದರೆ ಪಾಲು ಶೇ ಅರ್ಧ, ಆಗಲೂ ಅದೇ ಹತ್ತರ ಲೆಕ್ಕದಲ್ಲಿ 17,500. ಆಟ ನಡೆಸುವವರು ವಿಡಿಯೊದಲ್ಲಿ ನೇರವಾಗಿ ಕಾಣುವ ಲೈವ್ ಆಟಗಳನ್ನು ಎಷ್ಟೋ ಕಡೆ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಉಳಿದ ಷರತ್ತುಗಳನ್ನು ಬೇಗ ಹೇಳಿಬಿಡುತ್ತೇನೆ. ಬೋನಸ್ ಇರುವಾಗ ಒಂದು ಸುತ್ತಿಗೆ ಇಷ್ಟೇ ಇಡಬೇಕು ಎಂಬ ಮಿತಿಯನ್ನು ಒಮ್ಮೆ ದಾಟಿದರೂ ಗೆಲುವು ರದ್ದು. ಬಹಳಷ್ಟು ಆ್ಯಪ್‌ಗಳು ಆಡುವಾಗ ತಡೆಯುವುದಿಲ್ಲ, ಹಣ ತೆಗೆಯುವಾಗ ಹೇಳುತ್ತವೆ. ಠೇವಣಿಯಿಲ್ಲದ ಬೋನಸ್ಸಿನಲ್ಲಿ ಎಷ್ಟು ತೆಗೆಯಬಹುದು ಎಂಬುದಕ್ಕೂ ಮಿತಿಯಿರುತ್ತದೆ. "ಸ್ಟಿಕಿ" ಎಂದಿದ್ದರೆ ಬೋನಸ್ ಮೊತ್ತ ಕೊನೆಗೆ ವಾಪಸ್ ಕಟ್, ಅದು ಆಡಲಿಕ್ಕೆ ಮಾತ್ರ. ಪ್ಯಾನ್‌ನಲ್ಲಿ ಅಡ್ಡಹೆಸರು ಇದ್ದು ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಸೇರಿದ್ದರೆ ಕೆವೈಸಿ ಅಲ್ಲೇ ನಿಲ್ಲುತ್ತದೆ, ನಮ್ಮ ಭಾಗದಲ್ಲಿ ಇದು ಮನೆಮನೆಯ ಕಥೆ. ಸ್ವಲ್ಪ ಮರ್ಯಾದೆಯ ಷರತ್ತು ಒಂದೇ: ಮೊದಲು ನಿಮ್ಮ ದುಡ್ಡು ಖರ್ಚಾಗಿ, ಅದು ಮುಗಿದ ಮೇಲೆ ಬೋನಸ್ ತೆರೆಯುವುದು. ಅಲ್ಲಿ ಆರಂಭದಲ್ಲೇ ಗೆದ್ದರೆ ಬೋನಸ್ ಕೈಬಿಟ್ಟು ಹೊರಬರಬಹುದು.

ಇನ್ನು ತೆರಿಗೆ. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ಶೇ 30 ತೆರಿಗೆ, ಮೇಲೆ ಸೆಸ್. 1961ರ ಕಾಯ್ದೆಯಲ್ಲಿ ಇದು ಕಲಂ 115ಬಿಬಿಜೆ, 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬೇರೆ. ನಿವ್ವಳ ಎಂದರೆ ತೆಗೆದದ್ದರಲ್ಲಿ ನೀವು ಹಾಕಿದ್ದನ್ನು ಕಳೆಯುವುದು, ಬೋನಸ್ಸನ್ನು ಕಳೆಯುವ ಹಾಗಿಲ್ಲ. ಹತ್ತು ಸಾವಿರ ಹಾಕಿ, ಹತ್ತು ಸಾವಿರ ಬೋನಸ್ ಪಡೆದು, 25,000 ತೆಗೆದರೆ ಗೆಲುವು 15,000, ತೆರಿಗೆ ಸೆಸ್ ಸೇರಿ 4,680. "ಪುಕ್ಕಟ" ಬಂದದ್ದಕ್ಕೂ ತೆರಿಗೆ ಕಟ್ಟಿದಿರಿ.

ಸೈಟಿನಿಂದ ಸೈಟಿಗೆ ಬೋನಸ್ ಬೆನ್ನಟ್ಟುವವರು ಮುಳುಗುವುದು ಇಲ್ಲಿ. ಐದು ಸೈಟಿಗೆ ತಲಾ ಹತ್ತು ಸಾವಿರ ಹಾಕಿದರು, ನಾಲ್ಕರಲ್ಲಿ ಪೂರ್ತಿ ಹೋಯಿತು, ಐದನೆಯದರಲ್ಲಿ 60,000 ಬಂತು ಎನ್ನಿ. ಮನೆಯವರ ಲೆಕ್ಕದಲ್ಲಿ ಹತ್ತು ಸಾವಿರ ಲಾಭ. ಇಲಾಖೆಯ ಲೆಕ್ಕದಲ್ಲಿ ಐದನೆಯ ಸೈಟಿನ ಗೆಲುವು 50,000, ತೆರಿಗೆ 15,600. ಒಂದು ಕಂಪನಿಯ ನಷ್ಟವನ್ನು ಇನ್ನೊಂದರ ಗೆಲುವಿನಲ್ಲಿ ಕಳೆಯಲು ಬರುವುದಿಲ್ಲ ಎಂದೇ ನಾವು ಲೆಕ್ಕ ಹಾಕುವುದು. ಅಂದರೆ ಕೊನೆಗೆ ಉಳಿದದ್ದು 5,600 ರೂಪಾಯಿ ನಷ್ಟ. ಆದಾಯ ಕಡಿಮೆ ಇದೆ, ಮಿತಿಯೊಳಗಿದೆ ಎಂಬ ವಿನಾಯಿತಿ ಈ ಗೆಲುವಿಗೆ ಸಿಗುವುದಿಲ್ಲ. ಐಟಿಆರ್-1ರಲ್ಲಿ ಇದನ್ನು ತೋರಿಸುವಂತಿಲ್ಲ, ವ್ಯಾಪಾರವಿಲ್ಲದವರು ಐಟಿಆರ್-2 ತುಂಬಬೇಕು.

"ಆಟಾನೇ ಬಂದ್ ಮಾಡ್ಯಾರಂತ, ಮತ್ತ ತೆರಿಗಿ ಯಾಕ್ರಿ?" ತೆರಿಗೆ ಕಾಯ್ದೆ ಗಳಿಕೆಯ ಜಾತಕ ಕೇಳುವುದಿಲ್ಲ. ಆದರೆ ಬಂದ್ ಮಾಡಿದ್ದು ನಿಜ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿವರೆಗೆ ದಂಡ ಅಥವಾ ಎರಡೂ, ಜಾಹೀರಾತು ಕೊಟ್ಟರೆ ಎರಡು ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ ಅಥವಾ ಎರಡೂ. ಬರೀ ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಆದ್ದರಿಂದ ಕಾನೂನಿನ ಮಾತಿಗೆ ವಕೀಲರನ್ನೇ ಕೇಳಿ. ನಮಗೆ ಸಂಬಂಧಿಸಿದ್ದು ಇಷ್ಟು: ಟೆಲಿಗ್ರಾಂನಲ್ಲಿ ಈಗ ಕಾಣುವ ಸ್ವಾಗತ ಬೋನಸ್ ಹೊರದೇಶದ್ದು, ಇಲ್ಲವೇ ನಕಲಿ. ದುಡ್ಡು ಕೊಡದಿದ್ದರೆ ಯಾವ ಕಟ್ಟೆಯ ಮೇಲೂ ನ್ಯಾಯ ಕೇಳಲು ಆಗುವುದಿಲ್ಲ.

ಕೊಟ್ಟರೆ ಇನ್ನೊಂದು ಗೋಳು. ಗೆದ್ದ 18,000 ಯುಪಿಐನಲ್ಲಿ ಯಾರೋ ಅಪರಿಚಿತರ ಹೆಸರಿನಿಂದ, ಇಲ್ಲವೇ ಯಾವುದೋ "ಟ್ರೇಡರ್ಸ್" ಹೆಸರಿನಿಂದ ಬರುತ್ತದೆ. ಅದು ಬಾಡಿಗೆ ಖಾತೆ. ಅದರಲ್ಲಿ ಇನ್ನೆಲ್ಲೋ ಮೋಸಹೋದವರ ದುಡ್ಡೂ ಓಡಾಡಿರುತ್ತದೆ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಪೊಲೀಸರು ದುಡ್ಡು ಹೋದ ದಾರಿ ಹಿಡಿದು ಒಂದೊಂದೇ ಖಾತೆ ನಿಲ್ಲಿಸುತ್ತ ಬರುತ್ತಾರೆ. ಒಂದು ಬೆಳಿಗ್ಗೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಚಹಾದ ಹತ್ತು ರೂಪಾಯಿಯೂ ಹೋಗುವುದಿಲ್ಲ. ತೊಗರಿ ದುಡ್ಡು, ಸಂಬಳ, ಹಾಲಿನ ಬಿಲ್ಲು ಎಲ್ಲ ಅದೇ ಖಾತೆಯಲ್ಲಿ ಸಿಕ್ಕಿಕೊಂಡಿರುತ್ತದೆ.

ಹಾಗಾದವರು ಶಾಖೆಯಲ್ಲಿ ಜಗಳ ತೆಗೆಯಬೇಡಿ, ಮ್ಯಾನೇಜರ್ ಕೈಯಲ್ಲಿ ಅದು ಇಲ್ಲ. ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತದ ಮೇಲೆ ತಡೆ ಎಂಬ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಪೂರ್ತಿ ಖಾತೆ ಬಿಟ್ಟು ತಕರಾರಿನ ಮೊತ್ತಕ್ಕಷ್ಟೇ ತಡೆ ಉಳಿಸಿ ಎಂದು ಆ ಠಾಣೆಗೂ ಬ್ಯಾಂಕಿಗೂ ಅರ್ಜಿ ಕೊಡಿ, ಜೊತೆಗೆ ಆರು ತಿಂಗಳ ಸ್ಟೇಟ್‌ಮೆಂಟ್ ಇಡಿ. ಆ 18,000 ಎಲ್ಲಿಂದ ಬಂತು ಎಂದು ಕಾಗದದ ಮೇಲೆ ಬರೆದುಕೊಡುವ ಮುನ್ನ ಮಾತ್ರ ವಕೀಲರಿಗೆ ತೋರಿಸಿ.